ಕೆಂಪು ಕಾರಿನ ಅಧಿಕೃತ ಸೋರಿಕೆ

ಹಳೆಯ ಕಾರೊಂದು ಹುಟ್ಟಿದಾಗ ಎಷ್ಟು ಕೆಟ್ಟದಾಗಿತ್ತೋ ಅಷ್ಟೇ ಕೆಟ್ಟದಾಗಿ ಉಳಿಯತಕ್ಕದ್ದು ಎಂಬುದು ದಕ್ಷಿಣ ಜರ್ಮನಿಯ ಲಿಂಡೆನ್‌ಬಾಖ್ ಪಟ್ಟಣದ ವಾಹನ ತಪಾಸಣಾ ಕಚೇರಿಯ ನಿಯಮ. ಈ ನಿಯಮವನ್ನು ಸರಿಯಾಗಿ ತಿಳಿಯದೆ ಕಾರನ್ನು ರಿಪೇರಿ ಮಾಡಿದ ಅಪರಾಧಿ ರೈನ್ಹೋಲ್ಟ್ ಕ್ನೆಡ್ಲರ್, ನಿವೃತ್ತ ಭೂಗೋಳದ ಮೇಷ್ಟ್ರು.

ಕಾರು ಕೆಂಪು ಬಣ್ಣದ್ದು, ಎರಡೇ ಸೀಟಿನ ಸ್ಪೋರ್ಟ್ಸ್ ಕಾರು. ಮದುವೆಯಾದ ವರ್ಷ ಅದರಲ್ಲೇ ಹೆಂಡತಿ ಗುಡ್ರುನ್‌ಳನ್ನು ಕೂರಿಸಿಕೊಂಡು ಆಲ್ಪ್ಸ್ ದಾಟಿ ಇಟಲಿಯ ಗಾರ್ಡಾ ಸರೋವರ ತೋರಿಸಲು ಹೊರಟಿದ್ದ. ಘಟ್ಟದ ನೆತ್ತಿಯಲ್ಲಿ ಇಂಜಿನ್ ಕುದಿದು ನಿಂತಿತು. ಮಳೆಗೆ ಮೇಲಿನ ಬಟ್ಟೆ ಸೂರು ಸೋರಿತು, ಕೆಳಗೆ ಎಣ್ಣೆ ಸೋರಿತು. ನಡುವೆ ಕೂತಿದ್ದ ಗುಡ್ರುನ್ ಕೊಡೆ ಬಿಚ್ಚಿಕೊಂಡು ಇಳಿದು, ಊರ ಕಡೆಯ ಬಸ್ಸು ಹತ್ತಿ ತವರಿಗೆ ಹೋದಳು. ಹುಡುಗನನ್ನ ವಿಚಾರಿಸಿದೆವು, ಕಾರನ್ನ ವಿಚಾರಿಸಲಿಲ್ಲ ಎಂದು ಅವಳಮ್ಮ ಸಾಯುವವರೆಗೂ ಹೇಳುತ್ತಿದ್ದಳು. ಗುಡ್ರುನ್ ವಾಪಸು ಬಂದಳು, ಮಕ್ಕಳಾದವು, ಸರೋವರ ಮಾತ್ರ ನೋಡದೇ ಉಳಿಯಿತು. ಶಾಲೆಯ ಮಕ್ಕಳಿಗೆಲ್ಲ ಸರೋವರದ ಆಳ ಅಗಲ ಪಾಠ ಮಾಡಿದ ಮೇಷ್ಟ್ರಿಗೆ ಇದು ಎದೆಯೊಳಗಿನ ಮುಳ್ಳಾಗಿತ್ತು.

ಮದುವೆಯ ನಲವತ್ತನೇ ವರ್ಷಕ್ಕೆ ತೋರಿಸಿಯೇ ಸೈ ಎಂದು ಪಣ ತೊಟ್ಟು, ಚಳಿಗಾಲವಿಡೀ ಗ್ಯಾರೇಜಿನಲ್ಲಿ ಕಾರಿನ ಕೆಳಗೇ ಮಲಗಿದ. ಇಂಜಿನ್ ಇಳಿಸಿ ಎಣ್ಣೆ ತಡೆಯುವ ಗ್ಯಾಸ್ಕೆಟ್ ಬದಲಿಸಿದ. ಇಂಜಿನ್ ಕುದಿಯದಂತೆ ಅಗಲವಾದ ರೇಡಿಯೇಟರ್ ಕೂರಿಸಿದ. ಸೂರಿಗೆ ಹೊಸ ಬಟ್ಟೆ ಹೊಲಿದ. ಗುಡ್ರುನ್‌ಳ ಬೆನ್ನು ನೋವಿಗೆಂದು ಮೆತ್ತನೆಯ ಸೀಟನ್ನೂ ಹಾಕಿದ. ಭಾನುವಾರ ಸುತ್ತಿಗೆ ಸದ್ದು ಮಾಡುವುದು ಆ ಊರಲ್ಲಿ ನಿಷಿದ್ಧವಾದ್ದರಿಂದ ಭಾನುವಾರ ಕೂತು ಸ್ಪ್ಯಾನರುಗಳನ್ನು ಒರೆಸಿದ. ಕಳಚಿದ ಹಳೆಯ ಭಾಗಗಳನ್ನು ಬಿಸಾಡಲಿಲ್ಲ. ಬಿಸ್ಕತ್ತಿನ ಡಬ್ಬಿಗಳಲ್ಲಿ ಹೆಸರು ಅಂಟಿಸಿ ಇಟ್ಟ.

ವಸಂತದಲ್ಲಿ ಕಾರು ತಪಾಸಣೆಗೆ ಹೋಯಿತು. ಮೂಲಸ್ಥಿತಿಯಲ್ಲಿರುವ ಹಳೆಯ ಕಾರುಗಳಿಗೆ ಕೊಡುವ ಪಾರಂಪರಿಕ ವಾಹನದ ನಂಬರ್ ಫಲಕ ಸಿಕ್ಕದೆ ಅದು ರಸ್ತೆಗಿಳಿಯುವಂತಿರಲಿಲ್ಲ. ತಪಾಸಣಾಧಿಕಾರಿ ಫೆಸ್ಟರ್ಲಿಂಗ್ ಸುತ್ತ ಬಂದು ನೋಡಿ ತಲೆದೂಗಿ, ಮುದ್ರೆ ಒತ್ತಲು ಕೈ ಎತ್ತಿದ್ದ. ಕಾರಿನ ಮಾಲೀಕ ಬೇರೆ ಊರಿನವನಾಗಿದ್ದರೆ ಬಾಯಿ ಮುಚ್ಚಿಕೊಂಡು ನಿಲ್ಲುತ್ತಿದ್ದ. ಲಿಂಡೆನ್‌ಬಾಖಿನವರಿಗೆ ಅಧಿಕಾರಿಯ ಮುಂದೆ ಕೇಳದೇ ಇದ್ದದ್ದನ್ನೂ ಹೇಳಿಬಿಡುವ ರೋಗವಿದೆ. ರೈನ್ಹೋಲ್ಟ್ ತಾನು ಮಾಡಿದ್ದನ್ನೆಲ್ಲ ಹೆಮ್ಮೆಯಿಂದ ಒಪ್ಪಿಸಿದ.

ಎತ್ತಿದ ಕೈ ಕೆಳಗಿಳಿಯಿತು. "ಎಣ್ಣೆ ತೊಟ್ಟಿಕ್ಕಲ್ವಾ?"

"ಒಂದು ಹನೀನೂ ಇಲ್ಲ."

"ಮುಂಚೆ?"

"ತೊಟ್ಟಿಕ್ತಿತ್ತು. ಹೊಸದಾಗಿದ್ದಾಗಿಂದ್ಲೂ."

"ಹಾಗಾದ್ರೆ ಇದು ಆ ಕಾರಲ್ಲ, ಕ್ನೆಡ್ಲರ್ ಅವ್ರೇ," ಎಂದ ಫೆಸ್ಟರ್ಲಿಂಗ್ ಬೇಸರದಿಂದ. "ಇದು ಆ ಕಾರಿನ ಥರಾನೇ ಕಾಣೋ ಒಂದು ಒಳ್ಳೇ ಕಾರು."

ಮೂರನೆಯ ದಿನಕ್ಕೆ ಆದೇಶ ಬಂತು: 'ಸದರಿ ವಾಹನವು ಅನಧಿಕೃತವಾಗಿ ಸುಧಾರಿಸಿರುವುದು ಕಂಡುಬಂದಿದ್ದು, ಮಾಲೀಕರು ಎಲ್ಲಾ ದೋಷಗಳನ್ನು ಸ್ವಂತ ಶ್ರಮದಿಂದ ಯಥಾಸ್ಥಾನದಲ್ಲಿ ಮರುಸ್ಥಾಪಿಸತಕ್ಕದ್ದು. ದೋಷಗಳು ನಂಬಲರ್ಹವಾಗಿರತಕ್ಕದ್ದು.'

ಮೆತ್ತನೆಯ ಸೀಟೂ ಹೋಗಬೇಕೆಂದು ತಿಳಿದಾಗ ಗುಡ್ರುನ್ ಪ್ಲಮ್ ಕೇಕು ಕತ್ತರಿಸುತ್ತಿದ್ದಳು. "ನನ್ನ ಬೆನ್ನೇ ಮೂಲಸ್ಥಿತೀಲಿಲ್ಲ. ಅದಕ್ಕೇನ್ ಮಾಡ್ತಾರಂತೆ, ಕೇಳ್ಕೊಂಡ್ ಬಾ," ಎಂದಳು.

ಅವನು ನಿಜಕ್ಕೂ ಹೋಗಿ ಕೇಳಿದ. ಪ್ರಯಾಣಿಕರು ಸದ್ಯಕ್ಕೆ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ ಎಂಬ ಉತ್ತರ ತಂದ.

ಕಾರನ್ನು ಸರಿ ಮಾಡುವುದಕ್ಕಿಂತ ಕೆಡಿಸುವುದು ಕಷ್ಟವೆಂದು ರೈನ್ಹೋಲ್ಟ್‌ಗೆ ಆಗ ಗೊತ್ತಾಯಿತು. ಬಿಸ್ಕತ್ತಿನ ಡಬ್ಬಿಗಳಿಂದ ಒಂದೊಂದೇ ಹಾಳು ಭಾಗವನ್ನು ತೆಗೆದು, ಒರೆಸಿ, ಜೋಡಿಸಿದ. ಹೊಸ ಸೂರಿಗೆ ಹಳೆಯ ಜಾಗದಲ್ಲೇ ತೂತು ಕೊರೆದ. ಸೋತ ಗ್ಯಾಸ್ಕೆಟ್ಟು ಮೊದಲು ಎಣ್ಣೆಯನ್ನು ಧಾರೆಯಾಗಿ ಸುರಿಸಿತು. ಬಿಗಿ ಮಾಡಿದರೆ ಪೂರ್ತಿ ನಿಂತೇಹೋಯಿತು. ಎಷ್ಟೋ ಸಂಜೆ ಹೆಣಗಿದ ಮೇಲೆ ಒಂದು ಗಂಭೀರವಾದ, ನಿಧಾನದ ಹನಿ ಹುಟ್ಟಿತು. ಫೆಸ್ಟರ್ಲಿಂಗ್ ಮಂಡಿಯೂರಿ ಕೂತು ಅದನ್ನು ಬಹಳ ಹೊತ್ತು ನೋಡಿ, ಇಂಥ ಹನಿ ಈಗಿನ ಕಾಲದಲ್ಲಿ ಸಿಕ್ಕುವುದಿಲ್ಲ ಎಂದು ಮನಸಾರೆ ಹೊಗಳಿದ. ರೈನ್ಹೋಲ್ಟ್‌ನ ಕಣ್ಣು ತೇವವಾಯಿತು.

ಅಷ್ಟರಲ್ಲಿ ಪಕ್ಕದ ಕೊಠಡಿಯ ಪರಿಸರ ಶಾಖೆ ಎದ್ದಿತು. ಸಾರ್ವಜನಿಕ ರಸ್ತೆಗೆ ಎಣ್ಣೆ ಬೀಳಕೂಡದು. ಎರಡು ಶಾಖೆಗಳೂ ಒಂದೇ ಕಾಫಿ ಯಂತ್ರದ ಮುಂದೆ ನಿಂತು ಚರ್ಚಿಸಿ, ಎಣ್ಣೆ ಸೋರಲೇಬೇಕು ಆದರೆ ಬೀಳಬಾರದು ಎಂದು ತೀರ್ಮಾನಿಸಿದವು. ಕಾರು ನಿಂತಾಗಲೆಲ್ಲ ಮಾಲೀಕನೇ ಖುದ್ದಾಗಿ ಕೆಳಗೆ ತಟ್ಟೆ ಹಿಡಿದು ಕೂರಬೇಕು, ಬಿಟ್ಟು ಹೋಗುವಂತಿಲ್ಲ. ಫಲಕ ಸದ್ಯಕ್ಕೆ ತಾತ್ಕಾಲಿಕ. ಕಾರು ಮೂಲತಃ ಎಲ್ಲಿ ಕೆಟ್ಟಿತ್ತೋ ಅಲ್ಲೇ ಕೆಟ್ಟು ನಿಂತರೆ ಕಾಯಂ. ಎಲ್ಲಿ ಕೆಟ್ಟಿತ್ತು ಎಂದು ಅವರಿಗೆ ಗೊತ್ತಿರಲಿಲ್ಲ. ರೈನ್ಹೋಲ್ಟ್ ನಕ್ಷೆ ಬಿಡಿಸಿ ತಾನೇ ತೋರಿಸಿ, ಅಲ್ಲಿ ಹೆಂಡತಿ ಊರ ಬಸ್ಸು ಹತ್ತಿದ್ದನ್ನೂ ಹೇಳಿಬಿಟ್ಟ.

ಜೂನ್ ತಿಂಗಳಲ್ಲಿ ಇಬ್ಬರೂ ಹೊರಟರು. ಫೆಸ್ಟರ್ಲಿಂಗ್ ರಜೆಯ ಮೇಲಿದ್ದರೂ ಕರ್ತವ್ಯಕ್ಕೆ ರಜೆಯಿಲ್ಲವಾಗಿ, ಘಟ್ಟದ ಹೋಟೆಲಿನ ಕಿಟಕಿಯ ಬಳಿ ಸೂಪು ಕುಡಿಯುತ್ತ ಕಾದಿದ್ದ. ನೆತ್ತಿ ಬಂತು. ಇಂಜಿನ್ ಕುದಿಯಿತು, ಹಳೆಯ ಬಂಡೆಯ ಪಕ್ಕದಲ್ಲೇ ನಿಂತಿತು. ಮಳೆ ಕೂಡ ಬಂತು. ಅದನ್ನು ಯಾರೂ ಕೇಳಿರಲಿಲ್ಲ. ರೈನ್ಹೋಲ್ಟ್ ತಟ್ಟೆ ಹಿಡಿದು ಕಾರಿನ ಕೆಳಗೆ ತೂರಿದ. ಅಲ್ಲಿಂದ ಅವನಿಗೆ ಕಾಣುತ್ತಿದ್ದದ್ದು ಗುಡ್ರುನ್‌ಳ ಬೂಟುಗಳು ಮಾತ್ರ.

"ನೀನು ಬರಕ್ಕಾಗಲ್ವಾ?" ಎಂದು ಕೇಳಿದಳು.

"ತಟ್ಟೆ ಇದೆಯಲ್ಲ."

ಬೂಟುಗಳು ರಸ್ತೆಯ ಕಡೆ ತಿರುಗಿದವು. ಆಮೇಲೆ ಕೊಡೆ ಬಿಚ್ಚಿದ ಸದ್ದು, ಬಸ್ಸು ಬಂದು ಹೊರಟ ಸದ್ದು ಕೇಳಿತು. ಎಲ್ಲವೂ ಅಂದಿನಂತೆಯೇ ನಡೆಯಿತೆಂದು ಅವನಿಗೆ ಸಂಕಟವೂ ಒಂದು ಬಗೆಯ ತೃಪ್ತಿಯೂ ಆಯಿತು.

ಆದರೆ ಕಿಟಕಿಯಿಂದ ನೋಡುತ್ತಿದ್ದ ಫೆಸ್ಟರ್ಲಿಂಗ್ ಸೂಪು ಬಿಟ್ಟು ಓಡಿಬಂದ. ಶ್ರೀಮತಿಯವರು ಹತ್ತಿದ್ದು ಊರಿನ ಬಸ್ಸಲ್ಲ, ಸರೋವರದ ಬಸ್ಸು.

ಗುಡ್ರುನ್ ಮಾರನೆಯ ಸಂಜೆ ಬಿಸಿಲಿಗೆ ಕೆಂಪಾದ ಮೂಗು ಹೊತ್ತು ಘಟ್ಟಕ್ಕೆ ವಾಪಸು ಬಂದಳು. ಸರೋವರ ಚೆನ್ನಾಗಿದೆ, ಅದಕ್ಕೆ ಯಾರೂ ಕೈ ಹಚ್ಚಿಲ್ಲ ಎಂದಳು. ಕಚೇರಿಯ ಆದೇಶ ಅವರಿಗಿಂತ ಮೊದಲೇ ಮನೆ ತಲುಪಿತ್ತು. ಪ್ರಯಾಣಿಕರನ್ನು ವ್ಯಾಪ್ತಿಗೆ ಸೇರಿಸಿಕೊಳ್ಳಲಾಗಿದೆ. ವಾಹನವು ಸಮರ್ಪಕವಾಗಿ ಕೆಟ್ಟಿದ್ದರೂ ಪತ್ನಿಯು ಮೂಲ ದಿಕ್ಕಿನಿಂದ ವಿಚಲಿತಳಾಗಿರುವುದರಿಂದ, ಆಕೆ ಸರಿಯಾದ ಬಸ್ಸು ಹತ್ತುವ ತನಕ ಪ್ರವಾಸವನ್ನು ಪ್ರತಿ ಜೂನ್‌ನಲ್ಲಿ ಪುನರಾವರ್ತಿಸತಕ್ಕದ್ದು.

ರೈನ್ಹೋಲ್ಟ್ ಒಪ್ಪಿ ಸಹಿ ಹಾಕಿದ. ಗುಡ್ರುನ್ ಅವನಿಗಿಂತ ಬೇಗ ಹಾಕಿದಳು.

ಅಂದಿನಿಂದ ಪ್ರತಿ ಜೂನ್‌ನಲ್ಲಿ ಆ ಕೆಂಪು ಕಾರು ಘಟ್ಟದ ನೆತ್ತಿಯಲ್ಲಿ ನಿಯಮಾನುಸಾರ ಕೆಡುತ್ತದೆ. ರೈನ್ಹೋಲ್ಟ್ ತಟ್ಟೆ ಹಿಡಿದು ಮಲಗುತ್ತಾನೆ, ಫೆಸ್ಟರ್ಲಿಂಗ್ ಸೂಪು ಕುಡಿಯುತ್ತಾನೆ. ಗುಡ್ರುನ್ ಪ್ರತಿ ವರ್ಷವೂ ತಪ್ಪು ಬಸ್ಸನ್ನೇ ಹತ್ತುತ್ತಾಳೆ. ಈಚೆಗೆ ಅವಳು ಈಜುಡುಪನ್ನೂ ಕೊಂಡಿದ್ದಾಳೆ.