ಕುಶಾಲು ಎಂಬ ಮಾತು

ಅಳಬೇಕಾದ ಹೊತ್ತಿನಲ್ಲೇ ನಗು ಬರುವುದು ನಮ್ಮ ಮನೆಯಲ್ಲಿ ರೂಢಿಯಾಗಿಬಿಟ್ಟಿದೆ. ನಾನು ಹಾಸನದ ಕಡೆಯವನು, ಹೆಂಡತಿ ಧಾರವಾಡದವಳು, ಸಂಸಾರ ಪುಣೆಯ ಹಡಪಸರದಲ್ಲಿ. ಕಳೆದ ವರ್ಷ ಅವಳಿಗೆ ಕ್ಯಾನ್ಸರ್ ಎಂದು ಗೊತ್ತಾಯಿತು.

ಹೊರಡುವಾಗ

ಮೊದಲ ಕಿಮೋಗೆ ಹೊರಟಿದ್ದೆವು. ಕೆಳಗಿನ ಮನೆಯ ಮರಾಠಿ ಆಜಿ ಬಾಗಿಲಲ್ಲಿ ನಿಂತು, "ಖುಶಾಲ್ ಜಾ, ಘರಾಕಡೆ ಮೀ ಬಘತೇ" ಎಂದರು. ನನಗೆ ಸಿಟ್ಟು ಬಂತು. ರಿಕ್ಷಾ ಹತ್ತಿದ ಮೇಲೆ, "ಇಂಥ ಹೊತ್ತಲ್ಲಿ ಎಂಥ ಕುಶಾಲು ಅವರದ್ದು?" ಎಂದೆ.

"ಅವ್ರು ಚ್ಯಾಷ್ಟಿ ಮಾಡ್ಲಿಲ್ರೀ. ಖುಶಾಲ್ ಅಂದ್ರ ಮರಾಠಿಯೊಳಗ ನಿಶ್ಚಿಂತಿ. ಮನಿ ನಾ ನೋಡ್ಕೋತೀನಿ, ನಿಶ್ಚಿಂತಿಂದ ಹೋಗ್ರಿ ಅಂದ್ರು." ಹೆಂಡತಿ ಇನ್ನೊಂದು ಮಾತು ಸೇರಿಸಿದಳು: "ನಿಮ್ಮ ಕಡೆ ಮಂದಿಗೆ ಯಾರರ ಚೊಲೋ ಮಾತಾಡಿದ್ರೂ ಸಂಶಯ."

ಹಾಲ್

ಆ ಮಾತು ತಲೆಯಲ್ಲೇ ಉಳಿದಿತ್ತು. ಅವಳ ಕೈಗೆ ಡ್ರಿಪ್ ಹಾಕಿದ ಮೇಲೆ ಮಾಡಲು ಕೆಲಸವಿಲ್ಲದೆ ಮೊಬೈಲಿನಲ್ಲಿ ಹುಡುಕಿ ಅವಳಿಗೂ ಓದಿ ಹೇಳಿದೆ. ಕುಶಾಲು ಪಾರಸಿಯಿಂದ ಬಂದದ್ದಂತೆ. ಖುಶ್ ಅಂದರೆ ಸಂತೋಷ, ಹಾಲ್ ಅಂದರೆ ಸ್ಥಿತಿ. ನಮ್ಮಲ್ಲಿಗೆ ಬರುವಷ್ಟರಲ್ಲಿ ತಮಾಷೆಯ ಮಾತಾಗಿದೆ.

"ಅಂದ್ರ ಆರಾಮ ಇದ್ದವ್ರು ಅಷ್ಟಽ ಕುಶಾಲು ಮಾಡಬೇಕೇನು?" ಎಂದಳು.

ಅಷ್ಟರಲ್ಲಿ ಡಾಕ್ಟರು ಬಂದು ಹಿಂದಿಯಲ್ಲಿ ಕೇಳಿದರು: "ಕ್ಯಾ ಹಾಲ್ ಹೈ?"

"ಹಾಲ್ ಹೈ, ಡಾಕ್ಟರ್. ಖುಶ್ ನಹೀಂ ಹೈ," ಎಂದಳು ಇವಳು.

ಡಾಕ್ಟರು ಗಂಭೀರವಾಗಿ ತಲೆಯಾಡಿಸಿ, ಮನಸ್ಸಿಗೆಂದು ಇನ್ನೊಂದು ಮಾತ್ರೆ ಬರೆದುಕೊಟ್ಟರು.

ಆಜಿಯ ಹರಕೆ

ಮೂರು ತಿಂಗಳಲ್ಲಿ ಅವಳ ತಲೆ ಪೂರ್ತಿ ಬೋಳಾಯಿತು. ಔಷಧಿ ಅಂದುಕೊಂಡಷ್ಟು ಹಿಡಿಯುತ್ತಿಲ್ಲ ಎಂದೂ ಡಾಕ್ಟರು ಹೇಳಿದರು. ಅವತ್ತು ಇಬ್ಬರೂ ಊಟ ಮಾಡಲಿಲ್ಲ. ಮರುದಿನ ಆಜಿ ಮೆಟ್ಟಿಲು ಹತ್ತಿ ಬಂದು, ಅವಳ ಪಕ್ಕ ಕೂತು, ಮರಾಠಿಯಲ್ಲಿ ಹೇಳಿದರು: "ನೀನು ಗುಣವಾದರೆ ತಿರುಪತಿಗೆ ನನ್ನ ಮುಡಿ ಕೊಡುತ್ತೇನೆಂದು ಹರಕೆ ಹೊತ್ತಿದ್ದೇನೆ ಮಗಳೇ."

ಇವಳು ಆಜಿಯ ಕೈ ಹಿಡಿದುಕೊಂಡಳು. "ದೇವರ ಹತ್ತಿರ ಕೂದಲು ಬೇಕಾದಷ್ಟಿದೆ ಆಜಿ. ಅಷ್ಟು ದೂರ ಯಾಕೆ ಹೋಗ್ತೀರಿ? ನನಗೇ ಕೊಟ್ಟುಬಿಡಿ."

ಆಜಿ ನಗಲಿಲ್ಲ. ತಮ್ಮ ಸಣ್ಣ ಜಡೆಯನ್ನು ಮುಂದಕ್ಕೆ ಎಳೆದುಕೊಂಡು ನೋಡಿ, ಸಂಕೋಚದಿಂದ ಕೇಳಿದರು: "ಎಲ್ಲಾ ಬೆಳ್ಳಗಾಗಿದೆಯಲ್ಲ, ನಡೆಯುತ್ತದಾ?"

"ನಡೆಯುತ್ತದೆ ಆಜಿ," ಎಂದಳು ಇವಳು. "ತಲೆ ನರೆಯುವ ತನಕ ಇರಬೇಕೆಂದೇ ನನಗೂ ಆಸೆ."