ಮಂಟಪದ ಹಿಂದೊಂದು ಕುರ್ಚಿ

ನನ್ನ ಸೋದರತ್ತೆಯ ದಯೆಯಿಂದ ನಾನು ಮೂರು ವರ್ಷ ಕಾಲೇಜಿನಲ್ಲಿ ತಲೆ ಎತ್ತಿ ನಡೆಯಲಿಲ್ಲ! ಮೊಬೈಲ್ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕಿದ್ದ ಕಾಲ. ಚಿಕ್ಕಮಗಳೂರಿನ ಕಾಲೇಜೊಂದರಲ್ಲಿ ಈವೆಂಟ್ ಮ್ಯಾನೇಜ್‌ಮೆಂಟ್ ಡಿಗ್ರಿ ಶುರುವಾಗಿತ್ತು. ನಮ್ಮ ವಸ್ತಾರೆ ಕಡೆಯವರಿಗೆ ಅದೇನೆಂದು ವಿವರಿಸುವುದೇ ದೊಡ್ಡ ಪಾಡು. "ಮದುವೆ ಮಾಡ್ಸೋದು ಕಲೀತಾನಂತೆ. ಭಟ್ರ ಕೆಲಸವಾ?" ಎನ್ನುವವರೇ ಎಲ್ಲ. ಸಾಲದ್ದಕ್ಕೆ, ನನ್ನನ್ನು ಸೇರಿಸಲು ಬಂದ ಅತ್ತೆ ತಾವೂ ಸೇರಿಕೊಂಡುಬಿಟ್ಟರು!

ನಲವತ್ತು ದಾಟಿದವರು, ಮದುವೆಯಾಗದವರು, ತೋಟದ ಲೆಕ್ಕ ಬರೆಯುವ ರೈಟರನ್ನೇ ಗದರಿಸುವವರು. ಅವರು ಹದಿಹರೆಯದವರ ಮಧ್ಯೆ ಮೊದಲ ಬೆಂಚಿನಲ್ಲಿ, ಅದೂ ತೋಟದ ಗಮ್‌ಬೂಟಿನಲ್ಲಿ! ಹಾಜರಿ ಕರೆಯುವಾಗ ನನ್ನ ಹೆಸರು ಬಂದರೆ ಅವರದೇ ಉತ್ತರ: "ಅವ್ನು ಕ್ಯಾಂಟೀನಲ್ಲಿದಾನೆ ಸಾರ್, ಕರೀಲಾ?" ದೊಡ್ಡ ಕಂಪನಿಯೊಂದರ ಸಭೆಗೆ ಯೋಜನೆ ಬರೆಯಿರಿ ಎಂದರೆ ಮೊದಲ ಸಾಲಿನಲ್ಲೇ ಕಡುಬು, ಕಾಯಿಚಟ್ನಿ. ಮೇಷ್ಟ್ರು ಹುಬ್ಬೇರಿಸಿದರೆ, "ಕಂಪನಿಯವ್ರಾದ್ರೆ ಹೊಟ್ಟೆ ಇರಲ್ವಾ ಸಾರ್?" ಇವರು ನನಗೆ ಏನೂ ಆಗಬೇಕಿಲ್ಲ ಎಂಬಂತೆ ನಾನು ಕಿಟಕಿಯಾಚೆ ನೋಡುತ್ತಿದ್ದೆ.

ಕೊನೆಯ ವರ್ಷ ಮದುವೆ ಚಪ್ಪರದ ನಕ್ಷೆ ಬಿಡಿಸಬೇಕಿತ್ತು. ಅತ್ತೆ ಮಂಟಪದ ಹಿಂದೆ ಒಂದು ಪರದೆ, ಪರದೆಯ ಹಿಂದೆ ಒಂದೇ ಕುರ್ಚಿ, ಅಲ್ಲಿಂದ ಹೊರಗೆ ನಿಂತ ಜೀಪಿನವರೆಗೆ ಒಂದು ಸಣ್ಣ ದಾರಿ ಬಿಡಿಸಿದ್ದರು.

"ಇದು ಯಾರಿಗೆ ಮೇಡಂ?" ಎಂದರು ಮೇಷ್ಟ್ರು.

"ಮದುವೆ ಹುಡುಗಿಗೆ."

"ಓಡಿಹೋಗೋಕಾ?" ಕ್ಲಾಸಿಗೆ ಕ್ಲಾಸೇ ಬಿದ್ದುಬಿದ್ದು ನಕ್ಕಿತು. ನಾನು ಬೆಂಚಿನ ಕೆಳಗೆ ಬೀಳದ ಪೆನ್ನು ಹುಡುಕಿದೆ. "ಅಳಿಸಿ, ಇಲ್ಲಾಂದ್ರೆ ಮಾರ್ಕ್ಸ್ ಇಲ್ಲ" ಎಂದರು ಮೇಷ್ಟ್ರು. ಅತ್ತೆ ಅಳಿಸಲಿಲ್ಲ, ಮಾರ್ಕ್ಸೂ ಬರಲಿಲ್ಲ.

ಬಸ್ಸಿನಲ್ಲಿ ನಾನು ಸಿಡಿದೆ. "ಅಳಿಸಿದ್ರೆ ಗಂಟೇನು ಹೋಗ್ತಿತ್ತು ಅತ್ತೆ? ನಂಗೆ ಮುಖ ಎತ್ತೋ ಹಾಗಿಲ್ಲ!"

ಅತ್ತೆ ಮದುವೆಯೇ ಬೇಡ ಎಂದವರು ಎಂದು ಮನೆಯಲ್ಲಿ ಹೇಳುತ್ತಿದ್ದರು. ನಾನೂ ಹಾಗೇ ನಂಬಿದ್ದೆ.

"ನನ್ನ ಮದುವೆ ದಿನ ಹುಡುಗ ಬರಲೇ ಇಲ್ಲ ಮಾರಾಯ," ಎಂದರು ಅತ್ತೆ, ಟಿಕೆಟ್ ಮಡಚುತ್ತ. "ಜನ ಕಾದೂ ಕಾದೂ ಊಟಕ್ಕೆ ಕೂತ್ರು. ಮಾಡಿದ ಅಡುಗೆ ಹಾಳಾಗುತ್ತಲ್ಲ! ಮಂಟಪದಿಂದ ಹೊರಗೆ ಹೋಗೋಕೆ ಪಂಕ್ತಿ ಮಧ್ಯೆ ಬಿಟ್ರೆ ಬೇರೆ ದಾರಿ ಇರ್ಲಿಲ್ಲ. ಬಾಸಿಂಗ ಕಟ್ಕೊಂಡೇ ನಡೆದೆ. ಪಾಯಸ ಬಡಿಸೋನು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಯಾರೂ ಒಂದು ತುತ್ತು ಎತ್ಲಿಲ್ಲ, ನನ್ನನ್ನೇ ನೋಡಿದ್ರು."

ನನಗೆ ಭೂಮಿಗಿಳಿದು ಹೋಗುವಷ್ಟು ನಾಚಿಕೆಯಾಯಿತು. ಅತ್ತೆಯ ಮುಖ ನೋಡಲಾಗಲಿಲ್ಲ.

ಈಗ ಮೂಡಿಗೆರೆಯಲ್ಲಿ ನಮ್ಮಿಬ್ಬರದೇ ಈವೆಂಟ್ ಕಂಪನಿ ಇದೆ. ಯಾರದೇ ಮದುವೆಯಿರಲಿ, ಅತ್ತೆ ಮಂಟಪದ ಹಿಂದೆ ಪರದೆ ಕಟ್ಟಿಸಿ, ಒಂದು ಕುರ್ಚಿ ಹಾಕಿ ಬರುತ್ತಾರೆ. ಅದು ಯಾಕೆಂದು ಕೇಳಿದವರಿಗೆ ನಾನೇ ಏನೋ ಒಂದು ಹೇಳುತ್ತೇನೆ. ತಾಳಿ ಕಟ್ಟಿದ ಮೇಲೆ ಅತ್ತೆ ಹಿಂದೆ ಹೋಗಿ ಆ ಕುರ್ಚಿ ಮಡಚಿ, ಕಂಕುಳಲ್ಲಿ ಇಟ್ಟುಕೊಂಡು ಬರುತ್ತಾರೆ. ಮುಖದ ತುಂಬ ನಗು.

"ಇವತ್ತೂ ಯಾರೂ ಕೂರ್ಲಿಲ್ಲ ಮಾರಾಯ!"