ಜೀಪಿನ ಮೂತಿಗೆ ಎರಡು ಕೊಂಡಿ

ನಮ್ಮ ಮನೆಯಲ್ಲಿ ಯಾರು ಬೇಕಾದರೂ, ಯಾವಾಗ ಬೇಕಾದರೂ, ಎಲ್ಲಿ ಹಿಡಿದು ಬೇಕಾದರೂ ಎಳೆಯಬಹುದಾದ ವಸ್ತು ಒಂದೇ: ನಾನು. ಹೆಂಡತಿ ಹುಬ್ಬಿನಲ್ಲಿ ಎಳೆದರೂ ಬರುತ್ತೇನೆ, ಅತ್ತೆ ಬರೀ ಕೆಮ್ಮಿ ಎಳೆದರೂ ಬರುತ್ತೇನೆ. ಇಷ್ಟು ವರ್ಷದಲ್ಲಿ ಒಂದು ಕೀಲೂ ಕಳಚಿಲ್ಲ. ನನ್ನ ಹಳೇ ಜೀಪೂ ಹಾಗೇ ಎಂದು ನಂಬಿದ್ದೆ. ಅದೇ ತಪ್ಪಾಯಿತು.

ಹೋದ ತಿಂಗಳು ಬಾಮೈದನ ಇಟ್ಟಿಗೆ ಗೂಡಿನ ಹಿಂದೆ ಜೀಪು ಕೆಸರಿನಲ್ಲಿ ಹೂತುಕೊಂಡಿತು. (ಕೆಸರಿಗೆ ಯಾಕೆ ಹೋದೆ ಎಂದು ಕೇಳಬೇಡಿ. ಕೆಸರಿಗೆ ಹೋಗಲೆಂದೇ ಮಾಡಿದ ಗಾಡಿ ಅದು ಎಂಬ ನನ್ನ ಉತ್ತರಕ್ಕೆ ಮನೆಯಲ್ಲಿ ಈಗಾಗಲೇ ಮಂಗಳಾರತಿ ಆಗಿದೆ.) ಬಾಮೈದ ಟ್ರ್ಯಾಕ್ಟರ್ ತಂದ. ಜೀಪಿನ ಮೂತಿಯ ಕೆಳಗೆ ಒಂದು ಕಬ್ಬಿಣದ ಬಳೆ ಕಂಡಿತು. ಹಗ್ಗ ಕಟ್ಟಿದೆವು, ಎಳೆದೆವು. ಜೀಪು ಇದ್ದಲ್ಲೇ ಇತ್ತು. ಬಳೆ ಮಾತ್ರ ಕಿತ್ತುಕೊಂಡು, ಟ್ರ್ಯಾಕ್ಟರ್ ಪಕ್ಕ ನಿಂತು ನೋಡುತ್ತಿದ್ದ ಅತ್ತೆಯ ಕಿವಿಯ ಬದಿಯಲ್ಲೇ ಸುಂಯ್ ಎಂದು ಹಾದು, ಹಿಂದಿದ್ದ ನೀರಿನ ಡ್ರಮ್ಮಿಗೆ ತೂತು ಕೊರೆಯಿತು.

ಅತ್ತೆ ಮೂರು ದಿನ ಮಾತಾಡಲಿಲ್ಲ. ಮನೆಯ ಇತಿಹಾಸದಲ್ಲಿ ಅಂಥ ಮೌನ ಅದೇ ಮೊದಲು. ನಾಲ್ಕನೇ ದಿನದಿಂದ ಎಲ್ಲರೊಡನೆ ಮಾತಾಡಿದರು, ನನ್ನನ್ನು ಬಿಟ್ಟು. 

ಹೆಂಡತಿ ಹೊಲಿಗೆ ಯಂತ್ರ ನಿಲ್ಲಿಸಿ ತೀರ್ಪು ಕೊಟ್ಟಳು. (ಅವಳು ಟೈಲರ್. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ, ನ್ಯಾಯಾಲಯವೂ ಅದೇ.)

“ನೋಡ್ರೀ, ಒಂದು ತಿಂಗಳು ಟೈಮು. ಯಾರ ತಲೆನೂ ಹೋಗದ ಹಾಗೆ ಆ ಗಾಡೀನ ಎಲ್ಲಿ ಹಿಡಿದು ಎಳೀಬೇಕು ಅಂತ ತೋರಿಸಿ. ಇಲ್ಲಾಂದ್ರೆ ಗುಜರಿಯವನಿಗೆ ಫೋನ್ ಮಾಡ್ತೀನಿ.”

“ತೋರಿಸ್ತೀನಿ ಕಣೇ!” ಎಂದೆ. ಆ ಜೀಪನ್ನು ಬಿಟ್ಟರೆ ಈ ಲೋಕದಲ್ಲಿ ನಾನು ತಿರುಗಿಸಿದ ಕಡೆ ತಿರುಗುವುದು ಬೇರೇನೂ ಇಲ್ಲ.

ನಾನು ಗ್ರಂಥಾಲಯದಲ್ಲಿ ಗುಮಾಸ್ತ. ಯಾವ ಮಹತ್ಕಾರ್ಯವನ್ನೂ ಕಾರ್ಡು ಬರೆಯದೆ ಆರಂಭಿಸುವವನಲ್ಲ. ಎರಡು ಖಾನೆಯ ಹಳೇ ಪೆಟ್ಟಿಗೆ ತಂದು ಒಂದಕ್ಕೆ ‘ಮುಂಭಾಗ’, ಇನ್ನೊಂದಕ್ಕೆ ‘ಹಿಂಭಾಗ’ ಎಂದು ಚೀಟಿ ಅಂಟಿಸಿದೆ. ಮೊದಲ ಖಾನೆ ಪೂರ್ತಿಯಾಗದೆ ಎರಡನೆಯದಕ್ಕೆ ಕೈ ಹಾಕಬಾರದು. ಇದು ನನ್ನ ವೃತ್ತಿಧರ್ಮ.

ಮೊದಲ ಕಾರ್ಡು ಮೆಕ್ಯಾನಿಕ್ ಹೇಳಿದ್ದು: “ಸಾರ್, ಆ ಬಳೆ ಎಳೆಯೋಕಲ್ಲ. ಲಾರಿ ಮೇಲೆ ಗಾಡಿ ಸಾಗಿಸುವಾಗ ಅಲ್ಲಾಡದೆ ಇರ್ಲಿ ಅಂತ ಕಟ್ಟೋಕೆ ಕೊಟ್ಟಿರೋದು.”

ಹಾಗಿದ್ದರೆ ಎಳೆಯುವುದಕ್ಕೇ ಮಾಡಿದ್ದು ಬೇಕು. ಬಿಡಿಭಾಗದ ಅಂಗಡಿಗೆ ನುಗ್ಗಿದೆ. ಗಾಜಿನ ಹಿಂದೆ ಎರಡು ಕೆಂಪು ಕೊಕ್ಕೆಗಳು ಥಳಥಳ ಹೊಳೆಯುತ್ತಿದ್ದವು. ಕೊಂಡೆ, ಬಂಪರಿಗೆ ನಾನೇ ಬಿಗಿದೆ, ದಿಗ್ವಿಜಯ ಮುಗಿಸಿದ ಚಕ್ರವರ್ತಿಯ ಗತ್ತಿನಲ್ಲಿ ಹೆಂಡತಿಯನ್ನು ಕರೆದೆ. ಅವಳು ಕೊರಳಲ್ಲಿ ಟೇಪು ನೇತಾಡಿಸಿಕೊಂಡೇ ಬಂದು, ಕೊಕ್ಕೆಯನ್ನು ನೋಡದೆ ಅದರ ಹಿಂದಿನ ತಗಡನ್ನು ಹೆಬ್ಬೆರಳಿನಿಂದ ಒತ್ತಿದಳು. ತಗಡು ‘ಟೊಪ್’ ಎಂದು ಒಳಗೆ ಹೋಗಿ ಆಚೆ ಬಂತು.

“ಇದನ್ನ ಯಾವುದಕ್ಕೆ ಹೊಲಿದಿದ್ದೀರಿ?”

“ಹೊಲಿಯೋದಲ್ಲ ಕಣೇ, ಬೋಲ್ಟು.”

“ಅದೇ. ಯಾವುದಕ್ಕೆ?”

“ಬಂಪರಿಗೆ.”

“ಬಂಪರ್ ಯಾವುದಕ್ಕೆ?”

“ನಾಲ್ಕು... ಪುಟ್ಟ ಸ್ಕ್ರೂಗೆ.”

“ಅಂದ್ರೆ ಲೈನಿಂಗಿಗೆ ಹುಕ್ ಹಾಕಿದ್ದೀರಿ. ಹೊಟ್ಟೆ ಇರೋ ಗಿರಾಕಿ ಒಂದ್ಸಲ ಕೂತ್ರೆ ಹುಕ್ ಜೊತೆ ಲೈನಿಂಗೂ ಕಿತ್ಕೊಂಡು ಬರುತ್ತೆ. ಹುಕ್ ಹಾಕೋದು ಸೊಂಟದ ಪಟ್ಟಿಗೆ. ಬಿಚ್ಚಿ!”

ಬಿಚ್ಚಿದೆ. ಆದರೆ ಸೋಲಲಿಲ್ಲ. ಮರುದಿನವೇ ಮೆಕ್ಯಾನಿಕ್ಕನ ಹತ್ತಿರ ಹೋಗಿ, ಗಾಡಿಗೆ ಸೊಂಟದ ಪಟ್ಟಿ ಯಾವುದಪ್ಪಾ ಎಂದು ಕೇಳಿದೆ. ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಚಾಸಿ ಸಾರ್, ಇಡೀ ಗಾಡಿ ಹೊತ್ತಿರೋ ಉಕ್ಕಿನ ಚೌಕಟ್ಟು” ಎಂದ.

ಮುಂದಿನ ಮೂರು ವಾರ ನಾನು ಕಾರ್ಡು ಬರೆದೆ, ಜೀಪಿನ ಕೆಳಗೆ ಮಲಗಿದೆ, ಮತ್ತೆ ಕಾರ್ಡು ಬರೆದೆ. ಕೊನೆಗೆ ಬಂದವು ನೋಡಿ, ನಮ್ಮ ಮಾದರಿಯ ಜೀಪಿಗೆಂದೇ ಮಾಡಿದ ದಪ್ಪ ಉಕ್ಕಿನ ಎರಡು ಕೊಂಡಿಗಳು! ಎಡಕ್ಕೊಂದು, ಬಲಕ್ಕೊಂದು, ಎಷ್ಟು ಟನ್ ತಡೆಯುತ್ತವೆಂದು ಮೈಮೇಲೇ ಕೆತ್ತಿತ್ತು. ನೇರ ಚಾಸಿಗೆ ಬೋಲ್ಟು. ಭಾರ ಒಂದರ ಮೇಲೇ ಬೀಳದಂತೆ ಎರಡಕ್ಕೂ ಸೇರಿಸಿ ಕಟ್ಟಲು ಅಗಲ ಪಟ್ಟಿ. ಹೆಂಡತಿ ಚಾಪೆ ಹಾಸಿ ಜೀಪಿನ ಕೆಳಗೆ ಮಲಗಿ ಒಂದೊಂದೇ ಬೋಲ್ಟು ಮುಟ್ಟಿ ನೋಡಿ, “ಇದು ಹೊಲಿಗೆ” ಎಂದಳು. ಮದುವೆಯಾದ ಮೇಲೆ ಅವಳ ಬಾಯಿಂದ ನಾನು ಕೇಳಿದ ಎರಡನೇ ಹೊಗಳಿಕೆ. (ಮೊದಲನೆಯದು ಯಾವುದೆಂದು ಇಬ್ಬರಿಗೂ ಮರೆತಿದೆ.)

ಆ ಹುಮ್ಮಸ್ಸಿನಲ್ಲಿ ಮನೆಮಂದಿಯನ್ನೆಲ್ಲ ಕೂರಿಸಿ ಭಾಷಣ ಮಾಡಿದೆ. “ಹಿಂದುಗಡೆ ಟ್ರೇಲರ್ ಸಿಕ್ಕಿಸೋ ಗುಂಡು ಇದೆಯಲ್ಲ, ಅದಕ್ಕೆ ಹಗ್ಗ ಕಟ್ಟಿ ಎಳೆದ್ರೆ ಮುರಿದು ತೋಪಿನ ಗುಂಡಿನ ಹಾಗೆ ಹಾರುತ್ತೆ. ಪ್ರಾಣ ಹೋಗೋ ಹಾಗಿದ್ರೂ ಅದಕ್ಕೆ ಹಗ್ಗ ಕಟ್ಟಬಾರದು!” ಹೆಂಡತಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಆ ಗುಂಡಿನ ಮೇಲ್ಗಡೆ ‘ಕಟ್ಟಬೇಡಿ’ ಎಂದು ದೊಡ್ಡದಾಗಿ ಬರೆದಳು.

ಭಾನುವಾರ ಪರೀಕ್ಷೆ. ಅದೇ ಇಟ್ಟಿಗೆ ಗೂಡು, ಅದೇ ಕೆಸರು. ಹಗ್ಗದ ಉದ್ದದ ಎರಡರಷ್ಟು ದೂರದಲ್ಲಿ ಹೆಂಡತಿ, ಅತ್ತೆ. ಟ್ರ್ಯಾಕ್ಟರ್ ಮೇಲೆ ಬಾಮೈದ. ಕೊಂಡಿಗಳ ಶಕ್ತಿ ತೋರಿಸಬೇಕಾದರೆ ಗಾಡಿ ಚೆನ್ನಾಗಿ ಸಿಕ್ಕಿಕೊಳ್ಳಬೇಕಲ್ಲ? ಹಲ್ಲುಕಚ್ಚಿ ನುಗ್ಗಿಸಿದೆ. ಜೀಪು ಮಣ್ಣು ತೆಗೆದ ಗುಂಡಿಯ ಅಂಚು ದಾಟಿ ಮೂತಿ ಕೆಳಗೆ ಮಾಡಿ ಜಾರಿತು. ದೀಪಗಳವರೆಗೆ ಮುಳುಗಿ ನಿಂತಿತು. ನನ್ನ ಎರಡು ರತ್ನಗಳೂ ಕೆಸರಿನ ತಳ ಸೇರಿದ್ದವು. ಮುಂದೆ ಇದ್ದದ್ದು ಬರೀ ನೀರು. ಟ್ರ್ಯಾಕ್ಟರಿರಲಿ, ಕೊಕ್ಕರೆಯೂ ನಿಲ್ಲುವ ಜಾಗವಲ್ಲ. ಹಿಂಭಾಗ ಮಾತ್ರ ಎತ್ತರಕ್ಕೆದ್ದು ಇಡೀ ಕುಟುಂಬಕ್ಕೆ ‘ಕಟ್ಟಬೇಡಿ’ ಎಂದು ಸಾರುತ್ತಿತ್ತು.

ಬಾಮೈದ ಹಗ್ಗ ಹಿಡಿದು ಬಂದು ಓದಿದ. “ಭಾವ, ಹಿಂದಕ್ಕೇ ಎಳೀಬೇಕು. ಎಲ್ಲಿಗೆ ಕಟ್ಟಲಿ?”

‘ಹಿಂಭಾಗ’ ಎಂದು ಚೀಟಿ ಅಂಟಿಸಿದ ಖಾಲಿ ಖಾನೆ ಕಣ್ಣ ಮುಂದೆ ಬಂತು.

“ಭಾವ, ಒಂದೇ ಒಂದ್ಸಲ ಆ ಟ್ರೇಲರ್ ಗುಂಡಿಗೇ ಕಟ್ಟಿ...”

ಒಂದು ಕ್ಷಣ ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ಅಷ್ಟರಲ್ಲಿ ಟ್ರ್ಯಾಕ್ಟರಿನಾಚೆ ನಿಂತಿದ್ದ ಅತ್ತೆ ಮೆಲ್ಲಗೆ ಎರಡೂ ಕಿವಿ ಮುಚ್ಚಿಕೊಂಡದ್ದು ಕಂಡಿತು.

“ಬೇಡ,” ಎಂದೆ. “ಗುದ್ದಲಿ ಕೊಡು.”

ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಅಗೆದೆ. ಹೆಂಡತಿ ಟೇಪು ಹಿಡಿದು ಇಳಿಜಾರು ಅಳೆಯುತ್ತಾ “ಎಡಗಡೆ ಇನ್ನೊಂದು ಗೇಣು” ಎನ್ನುತ್ತಿದ್ದಳು. ಚಕ್ರದಡಿ ಹಲಗೆ ಕೊಟ್ಟ ಮೇಲೆ ಜೀಪು ತಾನಾಗಿಯೇ ಹಿಂದಕ್ಕೆ ಹತ್ತಿ ಬಂತು. ಹಗ್ಗ ಮಡಿಕೆ ಬಿಚ್ಚಿರಲೇ ಇಲ್ಲ.

“ಗುಜರಿಗೆ ಹಾಕಲ್ಲ ಬಿಡಿ,” ಎಂದಳು ಹೆಂಡತಿ. “ಆದ್ರೆ ಹಿಂದುಗಡೆ ಹೊಲಿಗೆ ಆಗೋವರೆಗೂ ಗಾಡಿ ಅಂಗಳ ಬಿಟ್ಟು ಅಲ್ಲಾಡಬಾರದು.”

ಮರುದಿನ ಬೆನ್ನು ಹಿಡಿದುಕೊಂಡು ಅಂಗಳಕ್ಕೆ ಬಂದರೆ, ಗೇಟಿನ ಕಂಬದಿಂದ ಜೀಪಿನ ಬಲಗಡೆಯ ಕೊಂಡಿಗೆ ಹಗ್ಗ ಕಟ್ಟಿತ್ತು. ಅದರ ಮೇಲೆ ಕೆಸರಾಗಿದ್ದ ನನ್ನ ಪ್ಯಾಂಟು, ಅತ್ತೆಯ ಎರಡು ಕಂಬಳಿ, ಹೆಂಡತಿ ಒಗೆದು ಹಾಕಿದ ಗಿರಾಕಿಗಳ ಬಟ್ಟೆ. ಅತ್ತೆ ಹಗ್ಗವನ್ನು ಎರಡು ಸಲ ಜಗ್ಗಿ ನೋಡಿ, ಒಂದು ತಿಂಗಳ ನಂತರ ಮೊದಲ ಸಲ ನನ್ನ ಕಡೆ ತಿರುಗಿದರು.

“ಗಟ್ಟಿಯಾಗಿದೆ, ಅಳಿಯಂದ್ರೇ,” ಎಂದರು. “ಎಡಗಡೆಯದಕ್ಕೂ ಒಂದು ಹಗ್ಗ ಕಟ್ಟಿಬಿಡಿ. ಬೆಡ್‌ಶೀಟುಗಳಿವೆ.”